ಸಫೋಕ್ ಪಂಚ್ ಕುದುರಿ ನಮ್ಮ ಎರಿಹೊಲಕ್ಕ ನಡೀತದೇನ್ರಿ?

ಎರಿಹೊಲ, ಆಳಂದ:

ಎಲ್ಲಾರಿಗೂ ಶರಣ್ರಿ. ಇಂಗ್ಲೆಂಡಿನ ಸಫೋಕ್ ಪಂಚ್ ಅನ್ನೋ ಉಳುಮಿ ಕುದುರಿ ತಳಿ ಬಗ್ಗೆ ತಿಳಿದವರು ಯಾರರೆ ಇದ್ರ ಹೇಳ್ರಿ. ಜಿಗುಟು ಜೇಡಿಮಣ್ಣಿನ ಸೀಮ್ಯಾಗ ಬೆಳೆದ ತಳಿ, ಕಾಲಿಗೆ ಉದ್ದ ಕೂದಲಿಲ್ಲ, ಹಂಗಾಗಿ ಕೆಸರು ಹಿಡಿಯಂಗಿಲ್ಲ, ಮೈ ನೋಡಿದ್ರ ಮೇವು ಕಡಿಮಿ, ದುಡಿಮಿ ಜಾಸ್ತಿ ಅಂತ ಓದಿದ್ದು. ನಮ್ಮದೂ ಎರಿಹೊಲ. ತೊಗರಿ, ಹಿಂಗಾರಿ ಜೋಳ, ಕಡ್ಲಿ. ಒಳ್ಳೆ ಎತ್ತಿನ ಜೋಡಿ ಸಿಗೋದು ಕಷ್ಟ ಆಗ್ಯದ, ಹಸಿ ಇದ್ದಾಗ ಟ್ರ್ಯಾಕ್ಟರ್ ಇಳಿಸಿದ್ರ ನೆಲ ಗಟ್ಟಿ ಆಗ್ತದ.

ಕೇಳೋದು ಇಷ್ಟು. ಅಲ್ಲಿಯ ಜೇಡಿಮಣ್ಣಿಗೂ ನಮ್ಮ ಎರಿಗೂ ಖರೇನೇ ಹೋಲಿಕಿ ಅದೇನು? ಕಲಬುರಗಿ ಬಿಸಿಲು ಆ ಕುದುರಿ ತಡಕೋತದೇನು, ಜ್ವಾಳದ ಕಣಿಕಿ ತೊಗರಿ ಹೊಟ್ಟಿನ ಮ್ಯಾಲ ಬದುಕ್ತದೇನು? ಜೋಡಿ ತರಸೋದು ಆಗದಿದ್ರ ವೀರ್ಯ ತರಿಸಿ ಇಲ್ಲಿಯ ಹೆಣ್ಣು ತಟ್ಟುಗಳಿಗೆ ಕೊಡಿಸಬಹುದೇನು? ಯಾವುದೂ ಆಗಂಗಿಲ್ಲ ಅಂದ್ರ, ಅವರು ಹಾಕೋ ಕೊರಳ ಕಾಲರ್ ನಮ್ಮ ಪ್ರಾಣಿಗಳಿಗೆ ಹೊಂದ್ತದೇನು?


ತಳಿಪುಸ್ತಕ, ಬೀದರ್:

ತಳಿಯ ವಿಚಾರ ಮೊದಲು ಹೇಳಿಬಿಡ್ತೀನಿ. ನಿಮ್ಮ ಮೂರನೇ ಪ್ರಶ್ನೆಯ ಉತ್ತರ ಅದರಲ್ಲೇ ಇದೆ.

ಸಫೋಕ್ ಅಂದರೆ ಇಂಗ್ಲೆಂಡಿನ ಪೂರ್ವ ಕರಾವಳಿಯ ಸೀಮೆ. ಈಗ ಬದುಕಿರುವ ಯಾವ ಸಫೋಕ್ ಪಂಚ್ ಕುದುರೆಯ ಗಂಡುಸಾಲು ಹಿಡಿದು ಹಿಂದಕ್ಕೆ ಹೋದರೂ 1768ರಲ್ಲಿ ಹುಟ್ಟಿದ ಒಂದೇ ಬೀಜದ ಕುದುರೆಗೆ ಬಂದು ನಿಲ್ಲುತ್ತದೆ. ಉಫರ್ಡ್ ಎಂಬ ಊರಿನ ಕ್ರಿಸ್ಪ್ ಎಂಬುವನ ಕುದುರೆ ಅದು. ತಳಿ ಸಂಘ ಹುಟ್ಟಿದ್ದು 1877ರಲ್ಲಿ, ಮೊದಲ ವಂಶಾವಳಿ ಪುಸ್ತಕ ಬಂದದ್ದು 1880ರಲ್ಲಿ. ಎತ್ತರ ಸಾಮಾನ್ಯವಾಗಿ 163ರಿಂದ 173 ಸೆಂ.ಮೀ., ತೂಕ 900 ಕಿಲೋ ಆಸುಪಾಸು, ಗಂಡು ಒಂದು ಟನ್ ಮುಟ್ಟುವುದೂ ಉಂಟು. ಬಣ್ಣ ಒಂದೇ, ಕೆಂಪು ಕಂದು. ಅದರಲ್ಲೇ ಕಡುಗಂದಿನಿಂದ ನಿಂಬೆ ಛಾಯೆಯವರೆಗೆ ಏಳು ಛಾಯೆಗಳನ್ನು ಅವರು ಗುರುತಿಸುತ್ತಾರೆ. ಹಣೆಯ ಮೇಲೆ ಸಣ್ಣ ಬಿಳಿ ಚುಕ್ಕೆ ಇದ್ದರೆ ಸರಿ, ಮೈಯಲ್ಲಿ ಬಿಳಿ ಪಟ್ಟೆ ಇದ್ದರೆ ತಳಿ ಸಾಕುವವರು ಮೂಗು ಮುರಿಯುತ್ತಾರೆ. ಕೆಂಪು ಕಂದು ಬಣ್ಣದ ಜೀನ್ ಹಿಂಜರಿಯುವ ಜಾತಿಯದು. ಕಪ್ಪು ಬಣ್ಣ ತರುವ ಜೀನ್ ರೂಪ ತಂದೆತಾಯಿ ಇಬ್ಬರಲ್ಲೂ ಇಲ್ಲವಾದ್ದರಿಂದ ಮರಿಯಲ್ಲೂ ಬರುವುದಿಲ್ಲ. ಈ ತಳಿ ಅಷ್ಟು ಕಟ್ಟುನಿಟ್ಟಾಗಿ ಒಂದೇ ಬಣ್ಣದಲ್ಲಿ ಉಳಿದದ್ದಕ್ಕೆ ಕಾರಣ ಅದು.

ಹೊಗಳಿಕೆ ಬರೆಯುವವರು ಬಿಟ್ಟುಬಿಡುವ ವಿಷಯ ಒಂದಿದೆ: ಗೊರಸು. ಮೈಗೆ ಹೋಲಿಸಿದರೆ ಗೊರಸು ಸಣ್ಣದು, ಗೋಡೆ ತೆಳು ಎಂಬ ದೂರು ಈ ತಳಿಯ ಮೇಲೆ ಬಹಳ ಕಾಲ ಇತ್ತು. ಅದಕ್ಕಾಗಿಯೇ ಪ್ರದರ್ಶನಗಳಲ್ಲಿ ಗೊರಸಿಗೆಂದೇ ಬೇರೆ ಸ್ಪರ್ಧೆ ಇಟ್ಟು, ಆರಿಸಿ ಆರಿಸಿ ಸರಿಪಡಿಸಿದರು. ಬೇಸಿಗೆಯಲ್ಲಿ ಬಿರಿಯುವ ನೆಲಕ್ಕೆ ಈ ವಂಶವನ್ನು ತರುವ ಮುನ್ನ ಇದು ನೆನಪಿರಲಿ.

ಈಗ ಸಂಖ್ಯೆ. ಎರಡನೇ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ಬಂದು, ಕುದುರೆಗಳು ಕಸಾಯಿಖಾನೆ ದಾರಿ ಹಿಡಿದವು. 1966ರಲ್ಲಿ ಇಡೀ ವರ್ಷ ನೋಂದಣಿಯಾದ ಮರಿಗಳು ಒಂಬತ್ತೇ. ಆಮೇಲೆ ಚೇತರಿಸಿಕೊಂಡರೂ ಇವತ್ತಿಗೂ ಬ್ರಿಟನ್ನಿನ ಅಪಾಯದ ಅಂಚಿನ ತಳಿಗಳ ಪಟ್ಟಿಯಲ್ಲೇ ಇದೆ. ಹೋಜ್ಲಿ ಬೇ ಎಂಬಲ್ಲಿ ಜೈಲಿನ ಜಮೀನಿನಲ್ಲಿ ಉಳಿದಿದ್ದ ಹೆಸರಾಂತ ಹಿಂಡನ್ನು 2006ರಲ್ಲಿ ಸಫೋಕ್ ಪಂಚ್ ಟ್ರಸ್ಟ್ ವಹಿಸಿಕೊಂಡಿತು. ಇಂಥ ತಳಿಯಲ್ಲಿ ಹಣಕ್ಕಿಂತ ದುಬಾರಿ ಯಾವುದೆಂದರೆ ಹೆಣ್ಣಿನ ಗರ್ಭ. ಕುದುರೆಯ ಗರ್ಭ ಸುಮಾರು 340 ದಿನ, ವರ್ಷಕ್ಕೆ ಒಂದೇ ಮರಿ. ಎರಡು ಹೆಣ್ಣು ಕಲಬುರಗಿಗೆ ಬಂದು ರೆಂಟಿ ಎಳೆಯತೊಡಗಿದರೆ ಆ ಎರಡು ಗರ್ಭಗಳು ತಳಿಯ ಲೆಕ್ಕದಿಂದ ಹೋದವು. ಹಾಗಾಗಿ ಜೋಡಿ ತರಿಸುವ ಯೋಚನೆ ನನಗೆ ಒಪ್ಪಿಗೆ ಇಲ್ಲ.

ವೀರ್ಯದ ವಿಷಯ. ಅಷ್ಟು ದೊಡ್ಡ ಗಂಡಿನ ಮರಿ ನಮ್ಮ ಸಣ್ಣ ತಟ್ಟಿನ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬ ಭಯ ಎಲ್ಲರಿಗೂ ಇದೆ. 1938ರಲ್ಲಿ ಪ್ರಕಟವಾದ ಕೇಂಬ್ರಿಜಿನ ವಾಲ್ಟನ್ ಮತ್ತು ಹ್ಯಾಮಂಡ್ ಅವರ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಭಾರಿ ಶೈರ್ ಕುದುರೆಗೂ ಗಿಡ್ಡ ಶೆಟ್ಲೆಂಡ್ ತಟ್ಟಿಗೂ ಎರಡೂ ದಿಕ್ಕಿನಲ್ಲಿ ಸಂಕರ ಮಾಡಿದಾಗ, ಶೈರ್ ತಾಯಿಯ ಮರಿ ಹುಟ್ಟುವಾಗ ಶೆಟ್ಲೆಂಡ್ ತಾಯಿಯ ಮರಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ತೂಗಿತು. ಹುಟ್ಟುವಾಗಿನ ಗಾತ್ರವನ್ನು ತಾಯಿ ಹಿಡಿತದಲ್ಲಿಡುತ್ತಾಳೆ. ಅಂದರೆ ಹೆರಿಗೆ ಭಯ ಅರ್ಧ ಸುಳ್ಳು. ನಿಜವಾದ ತೊಂದರೆ ಎರಡು. ಸಣ್ಣ ತಾಯಿಯ ಮರಿ ತಂದೆಯ ಗಾತ್ರಕ್ಕೆ ಎಂದೂ ಬರುವುದಿಲ್ಲ, ನಾಲ್ಕು ವರ್ಷ ಸಾಕಿ ಕಾದರೂ ನಡುವಿನ ಮೈ ಸಿಗುತ್ತದೆ. ಇನ್ನೊಂದು, ಶೈತ್ಯೀಕರಿಸಿದ ಕುದುರೆ ವೀರ್ಯ ದನದ ವೀರ್ಯದ ಕಡ್ಡಿಯ ಹಾಗೆ ಬೆದೆ ನೋಡಿ ಕೊಟ್ಟುಬಿಡುವಂಥದ್ದಲ್ಲ. ಅಂಡ ಬಿಡುಗಡೆಗೆ 12 ಗಂಟೆ ಮುಂಚಿನಿಂದ ಬಿಡುಗಡೆಯಾದ 6 ಗಂಟೆಯೊಳಗೆ ಕೊಡಬೇಕು. ಅದಕ್ಕೆ ಕೆಲವು ಗಂಟೆಗೊಮ್ಮೆ ಸ್ಕ್ಯಾನ್, ರಾತ್ರಿಯೂ ಸೇರಿ. ಗರ್ಭ ಕಟ್ಟುವ ಪ್ರಮಾಣ ಗಂಡಿನಿಂದ ಗಂಡಿಗೆ ಬದಲಾಗುತ್ತದೆ. ಹುಟ್ಟುವ ಸಂಕರ ಮರಿ ಶುದ್ಧ ತಳಿಯ ಲೆಕ್ಕಕ್ಕೂ ಸೇರದು.


ಪಶುವೈದ್ಯ, ಹುಮನಾಬಾದ್:

ಬಿಸಿಲಿನ ಪ್ರಶ್ನೆಗೆ ಬರೋಣ. ಎಲ್ಲರೂ ಮೇ ತಿಂಗಳ 43 ಡಿಗ್ರಿಯನ್ನೇ ನೋಡುತ್ತಾರೆ. ಕುದುರೆಗೆ ಅದಕ್ಕಿಂತ ಕೆಟ್ಟದ್ದು ಜೂನ್ ಕೊನೆ, ಜುಲೈ.

ಕುದುರೆ ಮೈಯನ್ನು ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಬೆವರಿನಿಂದ. ಬೆವರು ಆರಿದರೆ ಮಾತ್ರ ತಂಪು. ಸವಾರಿ ಕುದುರೆಯವರು ಬಳಸುವ ಹಳೆಯ ಲೆಕ್ಕ ಒಂದಿದೆ: ಫ್ಯಾರನ್‌ಹೀಟಿನಲ್ಲಿ ಉಷ್ಣಾಂಶ ಮತ್ತು ಶೇಕಡಾವಾರು ಆರ್ದ್ರತೆ ಕೂಡಿಸಿ. 150 ದಾಟಿದರೆ ಎಚ್ಚರ, 180 ದಾಟಿದರೆ ಕೆಲಸ ಬಂದ್. ಮೇ ಮಧ್ಯಾಹ್ನ 43 ಡಿಗ್ರಿ ಅಂದರೆ 109, ಆರ್ದ್ರತೆ 20, ಒಟ್ಟು 129. ಜುಲೈ ಬಿತ್ತನೆ ದಿನ 33 ಡಿಗ್ರಿ ಅಂದರೆ 91, ಆರ್ದ್ರತೆ 75, ಒಟ್ಟು 166. ಹೊಲದಲ್ಲಿ ಕೆಲಸ ಇರುವುದೂ ಆಗಲೇ. ಈ ಲೆಕ್ಕ ಹಗುರ ಮೈಯ ಕುದುರೆಗೆ ಹುಟ್ಟಿದ್ದು. 900 ಕಿಲೋ ಮೈಗೆ ಚರ್ಮದ ವಿಸ್ತೀರ್ಣ ತೂಕಕ್ಕೆ ಹೋಲಿಸಿದರೆ ಕಡಿಮೆ, ಒಳಗಿನ ಬಿಸಿ ಹೊರಬರುವ ದಾರಿ ಇಕ್ಕಟ್ಟು. ಹಾಗಾಗಿ ಭಾರಿ ಕುದುರೆಗೆ 140ಕ್ಕೇ ಎಚ್ಚರ ಎನ್ನುವುದು ನನ್ನ ಅಭಿಪ್ರಾಯ. ಮೇ ತಿಂಗಳ ಮೊತ್ತ ಕಡಿಮೆ ಬಂತು ಅಂತ ಮಧ್ಯಾಹ್ನ ಕಟ್ಟಬೇಡಿ. ಎಳೆಯುವ ಪ್ರಾಣಿಗಳ 1965ರ ನಿಯಮದಲ್ಲಿ, 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಮಾಡಿಸುವಂತಿಲ್ಲ. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಒಂದೇ ಸಮನೆ ಐದು ಗಂಟೆ ಮೀರುವಂತಿಲ್ಲ. ಎತ್ತಿಗೂ ಇದೇ ನಿಯಮ.

ತಣ್ಣನೆಯ ದೇಶದ ಕುದುರೆ ಬಿಸಿ ಸೀಮೆಗೆ ಬಂದರೆ ಕೆಲವಕ್ಕೆ ಬೆವರುವುದೇ ನಿಂತುಹೋಗುತ್ತದೆ. ಮೈ ಒಣಗಿ ಸುಡುತ್ತಿರುತ್ತದೆ, ಉಸಿರು ಏರುತ್ತದೆ, ಹಣೆಯ ಕೂದಲು ಉದುರುತ್ತದೆ. ಇದಕ್ಕೆ ಖಚಿತ ಔಷಧ ಇಲ್ಲ, ತಂಪು ಜಾಗಕ್ಕೆ ಸಾಗಿಸುವುದೇ ಉಪಾಯ.

ಕೆಲಸದಲ್ಲಿರುವ ಯಾವ ಕುದುರೆಗಾದರೂ ಥರ್ಮಾಮೀಟರ್ ಬೇಕೇ ಬೇಕು. ಗುದದ್ವಾರದ ಉಷ್ಣಾಂಶ ಸಾಮಾನ್ಯ 37.5ರಿಂದ 38.5. 40 ದಾಟಿದರೆ ಅಲ್ಲೇ ಬಿಚ್ಚಿ, ನೆರಳಿಗೆ ಒಯ್ದು, ಮೈಮೇಲೆಲ್ಲ ನೀರು ಸುರಿಯುತ್ತಲೇ ಇರಬೇಕು. ಒಂದು ಕೊಡ ಸುರಿದು ಒದ್ದೆ ಗೋಣಿಚೀಲ ಹೊದಿಸುವ ರೂಢಿ ಇದೆಯಲ್ಲ, ಅದು ಬೇಡ: ಚೀಲ ಕೆಲವೇ ನಿಮಿಷದಲ್ಲಿ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿಯುತ್ತದೆ. ಕುಡಿಯಲು ನೀರು ತಡೆಯಬೇಡಿ. ಕೆಲಸ ನಿಲ್ಲಿಸಿ ಕಾಲು ಗಂಟೆಯಾದ ಮೇಲೂ ನಾಡಿ ನಿಮಿಷಕ್ಕೆ 64ರ ಕೆಳಗೆ ಇಳಿಯದಿದ್ದರೆ ಅಂದಿಗೆ ಸಾಕು. ಅಷ್ಟು ದೊಡ್ಡ ಕುದುರೆಗೆ ವಿಶ್ರಾಂತಿಯಲ್ಲೇ 40-50 ಲೀಟರ್ ನೀರು ಬೇಕು, ಬಿಸಿಲಲ್ಲಿ ದುಡಿದರೆ 80-100. ಉಪ್ಪು ಕೆಲಸದ ದಿನ 60ರಿಂದ 100 ಗ್ರಾಂ, ಎರಡು ಸಲ ಹಂಚಿ.

ಮೇವು. 'ಕಡಿಮೆ ತಿನ್ನುತ್ತದೆ' ಎಂಬುದನ್ನು ಅಳತೆಯಲ್ಲಿ ನೋಡಿ. ದಿನಕ್ಕೆ ಮೈತೂಕದ ನೂರಕ್ಕೆ ಎರಡರಷ್ಟು ಒಣ ಆಹಾರ ಅಂದರೆ 18 ಕಿಲೋ. ಅದರಲ್ಲಿ ಕನಿಷ್ಠ 13-14 ಕಿಲೋ ಒಣಮೇವು, ಉಳಿದದ್ದು ಕಾಳು. ಒಣ ಜೋಳದ ಕಣಿಕೆ ನಡೆಯುತ್ತದೆ, ಬೂಸರು ಹಿಡಿದಿರಬಾರದು. ಹಸಿ ಜೋಳ, ಮುಖ್ಯವಾಗಿ ಮೊಣಕಾಲೆತ್ತರದ್ದು ಅಥವಾ ಮಳೆ ತಪ್ಪಿ ಬಾಡಿದ್ದು, ಕುದುರೆಗೆ ಬೇಡವೇ ಬೇಡ. ದನ ಅದರಲ್ಲಿ ಸಯನೈಡಿನಿಂದ ತಕ್ಷಣ ಸಾಯುತ್ತದೆ ಅಂತ ಎಲ್ಲರಿಗೂ ಗೊತ್ತು. ಕುದುರೆಯಲ್ಲಿ ಇದು ಬೇರೆ ಬಗೆ: ವಾರಗಟ್ಟಲೆ ಮೇಯ್ದ ಮೇಲೆ ಹಿಂಗಾಲು ತಾಳ ತಪ್ಪುತ್ತದೆ, ಮೂತ್ರ ಹನಿಯುತ್ತದೆ, ಹುಷಾರಾಗುವುದು ಅಪರೂಪ. ತೊಗರಿ ಹೊಟ್ಟು ನುಣ್ಣಗಿದ್ದಷ್ಟೂ ಕರುಳಲ್ಲಿ ಗಟ್ಟಿ ಕಟ್ಟುತ್ತದೆ. ಒಟ್ಟು ಒಣಮೇವಿನ ಕಾಲುಭಾಗ ಮೀರಬೇಡಿ, ನೀರು ಚಿಮುಕಿಸಿ ಹಾಕಿ. ಕಡಲೆ, ಜೋಳ, ಹುರಳಿ ಯಾವುದಾದರೂ ಒಡೆದು ಕೊಡಬೇಕು, ಒಂದು ಸಲಕ್ಕೆ ಎರಡೂವರೆ ಕಿಲೋ ಮೀರಬಾರದು. ಗೋಧಿ ಬೂಸಾ ಹೆಚ್ಚಾದರೆ ರಂಜಕ ಏರಿ, ಸುಣ್ಣದಂಶ ಮೂಳೆಯಿಂದ ಕರಗಿ, ಮುಖದ ಮೂಳೆ ಊದಿಕೊಳ್ಳುತ್ತದೆ. ಸುಣ್ಣದಂಶ ರಂಜಕದ ಒಂದೂವರೆ ಪಟ್ಟಾದರೂ ಇರಬೇಕು.

ಭಾರಿ ಕುದುರೆಗಳಲ್ಲಿ ಹಳೆಯ ಒಂದು ಕಾಯಿಲೆ ಇದೆ. ರಜೆಯ ದಿನವೂ ಪೂರ್ತಿ ಕಾಳು ತಿಂದು, ಮರುದಿನ ಕಟ್ಟಿದ ಅರ್ಧ ಗಂಟೆಯಲ್ಲಿ ತೊಡೆಯ ಸ್ನಾಯು ಕಲ್ಲಾಗಿ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಆಗ ನಡೆಸಬಾರದು, ಒಂದು ಹೆಜ್ಜೆ ಕೂಡ. ತಪ್ಪಿಸುವ ದಾರಿ ಸುಲಭ: ಕೆಲಸ ಇಲ್ಲದ ದಿನ ಕಾಳು ಅರ್ಧಕ್ಕಿಂತ ಕಡಿಮೆ, ಮೇವು ಪೂರ್ತಿ.

ಕೋಳಿ ಆಹಾರ, ಕೆಲವು ದನದ ಸಿದ್ಧ ಆಹಾರದಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿರುತ್ತದೆ. ಕಿಲೋ ಮೈತೂಕಕ್ಕೆ 2-3 ಮಿಲಿಗ್ರಾಂ ಸಾಕು, ಕುದುರೆಯ ಹೃದಯದ ಸ್ನಾಯು ಹಾಳಾಗುತ್ತದೆ. ಒಂದೇ ಗೋದಾಮಿನಲ್ಲಿ ಚೀಲ ಬೆರಸಬೇಡಿ.

ರೋಗದ ಮಾತು ಬಂದರೆ, ಬ್ರಿಟನ್ನಿನಿಂದ ಬಂದ ಕುದುರೆಗೆ ನಮ್ಮ ಉಣ್ಣೆಹುಳದಿಂದ ಹರಡುವ ಪೈರೋಪ್ಲಾಸ್ಮೋಸಿಸ್, ರಕ್ತ ಹೀರುವ ನೊಣದಿಂದ ಹರಡುವ ಸರ್ರಾ, ಎರಡೂ ಹೊಸವು. ಗ್ಲಾಂಡರ್ಸ್ ಎಂಬ ಅಂಟುರೋಗ ಇನ್ನೂ ದೇಶದಲ್ಲಿ ಆಗಾಗ ಕಾಣುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆಯಡಿ ಅದನ್ನು ವರದಿ ಮಾಡುವುದು ಕಡ್ಡಾಯ, ಖಚಿತವಾದರೆ ಕುದುರೆಗೆ ದಯಾಮರಣವೇ. ಮನುಷ್ಯರಿಗೂ ಹಬ್ಬುತ್ತದೆ. ಆಮದಿಗೆ ಕೇಂದ್ರ ಪಶುಸಂಗೋಪನಾ ಇಲಾಖೆಯ ಸ್ಯಾನಿಟರಿ ಪರವಾನಗಿ, ರಕ್ತಪರೀಕ್ಷೆ, ಕ್ವಾರಂಟೈನ್ ಎಲ್ಲಾ ಬೇಕು. ಇಲ್ಲಿನ ತಟ್ಟು ಸಾಕುವವರು ಕೂಡ ಟೆಟನಸ್ ಲಸಿಕೆ ಮರೆಯಬಾರದು: 4-6 ವಾರದ ಅಂತರದಲ್ಲಿ ಎರಡು, ಆಮೇಲೆ ವರ್ಷಕ್ಕೊಂದು. ಗೊರಸಿಗೆ ಮೊಳೆ ಹೊಡೆಸುವ ಪ್ರಾಣಿಗೆ ಇದು ಮೊದಲ ಲಸಿಕೆ.

ಕೊನೆಗೊಂದು. ನಮ್ಮ ಕಡೆ ಕೊಟ್ಟಿಗೆಗೆ ಶಹಾಬಾದ್ ಫರ್ಸಿ ಹಾಸುತ್ತಾರೆ. ಲಾಳ ಹೊಡೆದ ಭಾರಿ ಕುದುರೆ ಒದ್ದೆ ಫರ್ಸಿ ಮೇಲೆ ಏಳಲು ಹೋಗಿ ಜಾರಿದರೆ ಸೊಂಟದ ಮೂಳೆ ಮುರಿಯುತ್ತದೆ. ಬೀದರ್ ಕಡೆಯ ಮೊರಂ ಒತ್ತಿ ಮಾಡಿದ ನೆಲವೇ ಒಳ್ಳೆಯದು, ಹಿಂದಕ್ಕೆ ಸ್ವಲ್ಪ ಇಳಿಜಾರು ಕೊಟ್ಟು.


ಎರಿಹೊಲ, ಆಳಂದ:

ಡಾಕ್ಟರ್ ಸಾಹೇಬ್ರ, ತಳಿಪುಸ್ತಕ ಅಣ್ಣಾರ, ಉಪಕಾರ ಆಯ್ತ್ರಿ. ಜೋಡಿ ತರಸೋ ಮಾತು ಬಿಟ್ಟೆ ಅನ್ಕೋರಿ. ಮಣ್ಣಿನ ಹೋಲಿಕಿ ಮತ್ತ ಕಾಲರ್ ಬಗ್ಗೆ ಯಾರರೆ ಹೇಳ್ರಿ. ನಮ್ಮ ಕಡಿ ಕುರಿಗಾರರ ತಟ್ಟು, ಮದುವಿ ಮೆರವಣಿಗಿ ಕುದುರಿ ಬಿಟ್ರ ಬ್ಯಾರೆ ಕುದುರಿ ಕಾಣಂಗಿಲ್ಲ. ಅವಕ್ಕ ಎಡಿ ಹೊಡಿಯೋ ಶಕ್ತಿ ಇರ್ತದೇನು?


ಸಾಜು-ನೊಗ, ಯಾದಗಿರಿ:

ಅಣ್ಣಾರ, ಮೊದಲ ಲೆಕ್ಕ ಹಾಕೂಣ್ರಿ. ಕುದುರಿ ತಾಸುಗಟ್ಟಲೆ ಎಳೆಯೋ ಬಲ ಮೈತೂಕದ ಹತ್ತನೇ ಒಂದು ಭಾಗ. ಎತ್ತಿಂದು ನೂರಕ್ಕ ಹತ್ತರಿಂದ ಹನ್ನೆರಡು. ಎರಡು ಸಫೋಕ್ ಅಂದ್ರ 180 ಕಿಲೋ ಎಳೆತ. 500-550 ಕಿಲೋದ ಎರಡು ಎತ್ತು ಅಂದ್ರ 100ರಿಂದ 130. 250 ಕಿಲೋದ ಎರಡು ತಟ್ಟು ಅಂದ್ರ 50. ಈಗ ನೇಗಿಲಕ್ಕ ಬರ್ರಿ. 20 ಸೆಂ.ಮೀ. ಅಗಲ, 15 ಸೆಂ.ಮೀ. ಆಳದ ಸಾಲು ಅಂದ್ರ 300 ಚದರ ಸೆಂ.ಮೀ. ಹದ ಇರೋ ಎರಿ ಚದರ ಸೆಂ.ಮೀ.ಗೆ ಅರ್ಧ ಕಿಲೋ ತಡೀತದ ಅಂತ ಹಿಡಿದ್ರೂ 150 ಕಿಲೋ ಬೇಕು. ತಟ್ಟಿನಿಂದ ನೇಗಿಲ ಆಗಂಗಿಲ್ಲ, ಕೇಳೋದೇ ಬ್ಯಾಡ. ಒಂದು ಸಾಲಿನ ಎಡಿಕುಂಟಿ, ಹಗುರ ಬಂಡಿ ಆಗ್ತದ. ನನ್ನ ಅಂದಾಜು ನಂಬಬ್ಯಾಡ್ರಿ, 300 ಕಿಲೋದ ತೂಗುವ ಡಿಜಿಟಲ್ ಕಾಟಾ ಅಂಗಡ್ಯಾಗ ಸಿಗ್ತದ. ಅದನ್ನ ಸರಪಳಿ ನಡುವ ಹಾಕಿ ಹತ್ತು ಹೆಜ್ಜಿ ಎಳಸಿ ನೋಡ್ರಿ, ನಿಮ್ಮ ಹೊಲದ ಅಂಕಿ ಬರ್ತದ. ತಟ್ಟಿನ ತೂಕ ಗೊತ್ತಿಲ್ಲಂದ್ರ ಟೇಪು ಸಾಕು: ಮುಂಗಾಲ ಹಿಂದಿನ ಎದಿಸುತ್ತಳತಿ ಸೆಂ.ಮೀ.ದಾಗ ಹಿಡಿದು ಅದನ್ನ ಅದಕ್ಕೇ ಗುಣಿಸಿ, ಭುಜದ ತುದಿಯಿಂದ ಪಿರ್ರಿ ತುದಿತನಕದ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸ್ರಿ. ಕಿಲೋ ಬರ್ತದ.

ಮಣ್ಣು. ಹೋಲಿಕಿ ಅರ್ಧ ಖರೆ ಅದ. ಎರಡೂ ಜಿಗುಟು, ಎರಡೂ ಭಾರಿ. ಆದ್ರ ಅಲ್ಲಿ ಉಳುಮಿ ಆಗೋದು ಥಂಡಿ ಹವಾದಾಗ, ಮಣ್ಣು ವಾರಗಟ್ಟಲೆ ಒಂದೇ ಹದದಾಗ ಇರ್ತದ. ನಮ್ಮ ಎರಿ ಉಬ್ಬತದ, ಕುಗ್ಗತದ, ಬಿರಿತದ. ಹದ ಅನ್ನೋದು ಮಳಿ ಆದಮ್ಯಾಲ ಕೆಲವೇ ದಿನ. ಅದರ ಹಿಂದ ಕೆಸರು, ಅದರ ಮುಂದ ಕಲ್ಲು. ಆ ನಾಕು ದಿನದಾಗ ಎಷ್ಟು ಎಕರೆ ಮುಗಿತದ ಅನ್ನೋದೇ ಪ್ರಶ್ನೆ. 9 ಇಂಚು ಸಾಲು ಹಿಡಿದು ಒಂದು ಎಕರೆ ಉಳಬೇಕಂದ್ರ ಪ್ರಾಣಿ ಹದಿನೇಳೂ ಮುಕ್ಕಾಲು ಕಿಲೋಮೀಟರ್ ನಡೀಬೇಕು. ಕುದುರಿ ತಾಸಿಗೆ 4 ಕಿ.ಮೀ. ನಡೆದ್ರ ನಾಲ್ಕೂವರೆ ತಾಸು, ತಿರುವು ಸೇರಿ ಐದು ಆರು. ಎತ್ತು ಎರಡೂವರೆ ಮೂರು ಕಿ.ಮೀ. ನಡೀತಾವ, ಎರಡು ದಿನದ ಮುಂಜಾನಿ ಬೇಕು. ಕುದುರಿಯ ಲಾಭ ಬರೇ ಬಲದಾಗ ಅಲ್ರಿ, ನಡಿಗ್ಯಾಗ ಅದ.

ನೆಲ ಗಟ್ಟಿ ಆಗೋ ಮಾತಿಗೊಂದು ತಕರಾರು. ಭಾರಿ ಕುದುರಿ ಗೊರಸು 17 ಸೆಂ.ಮೀ. ಅಗಲ ಹಿಡಿದ್ರ ಒಂದೊಂದು 225 ಚದರ ಸೆಂ.ಮೀ. ನಿಂತಾಗಲೇ ಚದರ ಸೆಂ.ಮೀ.ಗೆ ಒಂದು ಕಿಲೋ, ನಡೆದಾಗ ಎರಡು. ಸಣ್ಣ ಟ್ರ್ಯಾಕ್ಟರ್ ಟಾಯರಿಗಿಂತ ಕಡಿಮಿ ಏನಲ್ಲ. ವ್ಯತ್ಯಾಸ ಅಂದ್ರ ಗೊರಸು ಅಲ್ಲಲ್ಲಿ ತುಳೀತದ, ಟಾಯರು ಉದ್ದಕ್ಕ ಪಟ್ಟಿ ಎಳೀತದ, ಜಾರಿ ಮಣ್ಣು ಸವರ್ತದ. ಹಸಿ ಎರಿಯಾಗ ಯಾವುದನ್ನೂ ಇಳಿಸಬಾರದು.

ಕಾಲರ್. ಎತ್ತಿಗೆ ಹಿಣಿಲು ಅದ, ನೊಗ ಅದರ ಮುಂದ ಕುಂತು ಎಳೀತದ. ಕುದುರಿಗೆ ಹಿಣಿಲಿಲ್ಲ. ನೊಗ ಹಾಕಿದ್ರ ಬೆನ್ನೆಲುಬಿಗೆ ಬಡೀತದ, ಕುತ್ತಿಗಿಗೆ ಪಟ್ಟಿ ಹಾಕಿದ್ರ ಗಾಳಿಕೊಳವಿ ಒತ್ತತದ. ಕಾಲರ್ ಭಾರವನ್ನ ಭುಜದ ಮಾಂಸಕ್ಕ ಹಂಚತದ. ಅಳತಿ ಹಿಂಗ: ಹೆಗಲಿನ ಮುಂದ ಕುತ್ತಿಗಿ ಮ್ಯಾಲಿನ ಅಂಚಿನಿಂದ ಗಾಳಿಕೊಳವಿ ಕೆಳಗಿನ ಅಂಚಿನತನಕ ನೇರ ಅಳಿರಿ, ಸುತ್ತಿ ಅಲ್ಲ. ಎರಡು ಕೋಲು ಅಡ್ಡ ಹಿಡಿದು ಅಳೆದ್ರ ಸರಿ ಬರ್ತದ. ಕಾಲರ್ ಹಾಕಿದ ಮ್ಯಾಲ ಕೆಳಗ ಅಂಗೈ ಚಪ್ಪಟಿ ಹೋಗಬೇಕು, ಬದಿಗೆ ಬೆರಳಷ್ಟು ಸಂದು ಸಾಕು. ದೊಡ್ಡದಾದ್ರ ಹೆಜ್ಜಿ ಹೆಜ್ಜಿಗೂ ಉಳ್ಳಾಡಿ ಹೆಗಲು ಸುಲೀತದ. ಸಣ್ಣದಾದ್ರ ಉಸಿರು ಕಟ್ತದ. ಹೆಚ್ಚು ಹುಣ್ಣು ಆಗೋದು ದೊಡ್ಡ ಕಾಲರಿನಿಂದ. ಜನ ಉಲ್ಟಾ ತಿಳ್ಕೊಂಡಾರ.

ಒಳಗ ತುಂಬೋದು ಅಲ್ಲಿ ರೈ ಹುಲ್ಲು, ಮೈಗೆ ತಾಗೋ ಮುಖಕ್ಕ ಉಣ್ಣಿ ಬಟ್ಟಿ. ನಮಗ ಗೋಧಿ ಹುಲ್ಲು ಬಡಿದು ಬಡಿದು ಬಿಗಿಯಾಗಿ ತುಂಬಬಹುದು, ಮುಖಕ್ಕ ಕರಿ ಕಂಬಳಿ ಎರಡು ಮಡಿಕಿ. ಹತ್ತಿ ತುಂಬಬ್ಯಾಡ್ರಿ, ಬೆವರು ಕುಡಿದು ಗಂಟು ಕಟ್ತದ. ಕಾಲರಿನ ಮ್ಯಾಲ ಕೂಡೋ ಕಬ್ಬಿಣದ ಇಲ್ಲಾ ಜಾಲಿ ಕಟ್ಟಿಗಿ ಬಾಗು ಎರಡು, ಹೇಮ್ಸ್ ಅಂತಾರ, ಅವನ್ನ ಮ್ಯಾಲ ಕೆಳಗ ಬಿಗೀಬೇಕು. ಎಳೆಯೋ ಸರಪಳಿ ಕೊಂಡಿ ಕೆಳಗಿನಿಂದ ಮೂರನೇ ಒಂದು ಭಾಗದಾಗ ಇರಬೇಕು, ಭುಜದ ತುದಿಗೆ ಸಮ. ಸರಪಳಿ ಮತ್ತ ಬಾಗಿನ ನಡುವ ಕೋನ ಕಾಟಕೋನ ಇರಲಿ. ಕೊಂಡಿ ಮ್ಯಾಲ ಹೋದ್ರ ಕಾಲರ್ ಗಂಟಲಿಗೆ ಏರ್ತದ.

ಎರಡೂ ಸರಪಳಿ ಬಂದು ಸ್ವಿಂಗಲ್‌ಟ್ರೀ ಅನ್ನೋ ಅಡ್ಡಕಟ್ಟಿಗಿಗೆ ಸೇರ್ಬೇಕು, 60ರಿಂದ 75 ಸೆಂ.ಮೀ. ಉದ್ದ, ನಡುವ ಒಂದೇ ಕೊಂಡಿ. ಇದನ್ನ ಬಿಟ್ಟು ನೇರ ಕುಂಟಿಗೆ ಕಟ್ಟಿದ್ರ ಭುಜ ಹಿಂದ ಮುಂದ ಆದಾಗ ಕಾಲರ್ ತಿಕ್ಕತದ. ಜೋಡಿಗೆ ಎರಡು ಸಣ್ಣವು, ಅವುಗಳ ಹಿಂದ ಒಂದು ಮೀಟರಿಂದು ದೊಡ್ಡದು. ಒಂದು ಪ್ರಾಣಿ ಸೊರಗಿದ್ರ ದೊಡ್ಡದರ ನಡುವಿನ ತೂತು ಐದು ಸೆಂ.ಮೀ. ಗಟ್ಟಿ ಪ್ರಾಣಿ ಕಡಿ ಸರಿಸ್ರಿ. ಸೊರಗಿದ್ದರ ಕಡಿ 55, ಗಟ್ಟಿದರ ಕಡಿ 45 ಉಳೀತದ. ನೂರು ಕಿಲೋ ಎಳೆತದಾಗ ಸೊರಗಿದ್ದಕ್ಕ 45, ಗಟ್ಟಿದಕ್ಕ 55 ಬೀಳ್ತದ.


ದೇವಣಿ, ಭಾಲ್ಕಿ:

ಕುದುರೆ ಈ ಸೀಮೆಗೆ ಹೊಸದು ಅಂತ ಯಾರೂ ತಿಳಿಯಬಾರದು. 15ನೇ ಶತಮಾನದಲ್ಲಿ ಬೀದರಿಗೆ ಬಂದ ರಷ್ಯದ ವ್ಯಾಪಾರಿ ನಿಕಿತಿನ್, ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತಿದ್ದವು ಎಂದು ಬರೆದಿಟ್ಟಿದ್ದಾನೆ. ಕೇಳಿದವರು ಆಳಂದದವರೇ ಆದ್ದರಿಂದ ಹೇಳಿದೆ. ಆದರೆ ಅವೆಲ್ಲ ಸವಾರಿಗೆ, ದಂಡಿಗೆ. ಹೊಲ ಎಂದಿಗೂ ಎತ್ತಿನದೇ.

ಎತ್ತು ಸಿಗುವುದಿಲ್ಲ ಎಂಬ ಮಾತಿಗೆ ನನ್ನ ತಕರಾರು ಇದೆ. ಬೀದರ್ ಜಿಲ್ಲೆ ದೇವಣಿ ದನದ ತಳಿಯ ಸೀಮೆ. ಅದರಲ್ಲೇ ವಾನೆರಾ, ಬಾಲಂಕ್ಯ, ಶೇವೆರಾ ಎಂದು ಮೂರು ಬಗೆ. ವಾನೆರಾ ಬಿಳಿ ಮೈ, ಮುಖದ ಬದಿ ಕಪ್ಪು. ಬಾಲಂಕ್ಯ ಪೂರ್ತಿ ಬಿಳಿ. ಶೇವೆರಾ ಬಿಳಿಯ ಮೇಲೆ ಕಪ್ಪು ಮಚ್ಚೆ. ಹಾಲೂ ಕೊಡುವ, ಹೋರಿಯೂ ದುಡಿಯುವ ತಳಿ. ಎರಿಮಣ್ಣು, ಒಣ ಕಣಿಕೆ, ಉಣ್ಣೆ, ಬಿಸಿಲು, ಎಲ್ಲಕ್ಕೂ ಒಗ್ಗಿದೆ. ಇಂಗ್ಲೆಂಡಿನ ತಳಿಯ ಸಂಖ್ಯೆ ಕುಸಿದ ಕಥೆ ಓದಿ ಮರುಗುವವರು ನಮ್ಮ ಹೋರಿಕರುವನ್ನು ಆರು ತಿಂಗಳಿಗೇ ಮಾರುವುದನ್ನು ನಿಲ್ಲಿಸಬೇಕು. ಕುದುರೆಯೇ ಬೇಕೆಂಬ ಹಟ ಇದ್ದರೆ ಭೀಮಾ ದಂಡೆಯ ಭೀಮಥಡಿ ಇದೆ. 130 ಸೆಂ.ಮೀ. ಆಸುಪಾಸಿನ ಗಟ್ಟಿ ತಳಿ, ಇತ್ತೀಚೆಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆಯೂ ಸಿಕ್ಕಿದೆ.

ಸಾಜು-ನೊಗ ಅಣ್ಣ ಹೇಳಿದ ಅಡ್ಡಕಟ್ಟಿಗೆಯನ್ನು ಒಂಟಿ ಪ್ರಾಣಿಯ ಎಡೆಕುಂಟೆಗೆ ಹಾಕುವುದಾದರೆ, ತೊಗರಿ ಸಾಲು 90 ಸೆಂ.ಮೀ. ಇದ್ದಾಗ 62 ಸೆಂ.ಮೀ.ಗಿಂತ ಉದ್ದ ಇಡಬೇಡಿ. ಎರಡೂ ಬದಿ 14 ಸೆಂ.ಮೀ. ಉಳಿಯುತ್ತದೆ. ತುದಿಯ ಕೊಕ್ಕೆ ಹೊರಗೆ ಚಾಚಿದ್ದರೆ ಟೊಂಗೆ ಸೀಳುತ್ತದೆ, ಒಳಕ್ಕೆ ತಿರುಗಿಸಿ ಬಟ್ಟೆ ಸುತ್ತಿ. ಗಿಡ ಕವಲೊಡೆದು ಸಾಲು ಮುಚ್ಚುವವರೆಗೆ ಮಾತ್ರ ಈ ಕೆಲಸ. ಬಾಯಿಗೆ ಜಾಳಿಗಿ ಕಟ್ಟದೆ ಇಳಿಸಿದರೆ ಸಾಲಿನ ತುದಿಯಷ್ಟರಲ್ಲಿ ತೊಗರಿ ಚಿಗುರು ಇರುವುದಿಲ್ಲ.


ಎರಿಹೊಲ, ಆಳಂದ:

ಒಂದೇ ಒಂದು ಕೊನಿ ಪ್ರಶ್ನೆ ಸಾಜು-ನೊಗ ಅಣ್ಣಾರ. ಹೆಗಲು ಮೊದಲನೇ ವಾರ ಸುಲಿದ್ರ ಕೆಲಸ ನಿಲ್ಲಿಸಬೇಕೇನು, ಗಾದಿ ಇಟ್ಟು ಮುಂದುವರಿಸಬಹುದೇನು? ಮತ್ತ ಲಾಳ ಬೇಕೇನು?


ಸಾಜು-ನೊಗ, ಯಾದಗಿರಿ:

ನಿಲ್ಲಿಸಬೇಕ್ರಿ. ಗಾದಿ ಇಟ್ರ ಅಲ್ಲೇ ಇನ್ನೂ ಬಿಗಿ ಆಗ್ತದ. ಹುಣ್ಣು ಮಾಯೋ ತನಕ ಎದಿಪಟ್ಟಿ ಮ್ಯಾಲ ಹಗುರ ಕೆಲಸ ಮಾಡಿಸಬಹುದು. ಪಟ್ಟಿ 10 ಸೆಂ.ಮೀ. ಅಗಲ ಇರಲಿ, ಭುಜದ ಕೀಲಿನ ಸ್ವಲ್ಪ ಮ್ಯಾಲ ಕೂಡಲಿ, ಗಂಟಲಿಗೆ ತಾಗಬಾರದು. ಹೊಸ ಪ್ರಾಣಿಗೆ ಮೊದಲ ವಾರ ದಿನಕ್ಕ ಅರ್ಧ ತಾಸು, ಎರಡನೇ ವಾರ ಒಂದು ತಾಸು, ಹಂಗ ಏರಿಸ್ರಿ. ದಿನಾ ಬಿಚ್ಚಿದ ಕೂಡಲೇ ಹೆಗಲು ಉಪ್ಪುನೀರಿಂದ ತೊಳೀರಿ, ಕಾಲರಿನ ಮುಖದ ಮ್ಯಾಲಿನ ಬೆವರು ಕಿಟ್ಟ ಕೆರೀರಿ. ಒಣಗಿದ ಬೆವರೇ ಮರುದಿನ ಉಸುಕಿನ ಕಾಗದ. ದುಡಿದಂಗ ಕುತ್ತಿಗಿ ಕರಗ್ತದ, ತಿಂಗಳಿಗೊಮ್ಮೆ ಅಳತಿ ಮತ್ತ ನೋಡ್ರಿ.

ಎರಿಹೊಲದಾಗ ಅಷ್ಟೇ ದುಡಿಯೋ ತಟ್ಟಿಗೆ ಲಾಳ ಬ್ಯಾಡ, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಿದ್ರ ಸಾಕು. ಡಾಂಬರ್ ರಸ್ತಿ ಮ್ಯಾಲ ಬಂಡಿ ಎಳೀತದಂದ್ರ ಬೇಕು. ಕೆಸರಿನಿಂದ ಬಂದ ಕೂಡಲೇ ಗೊರಸಿನ ಸಂದಿನ ಎರಿ ಕಬ್ಬಿಣದ ಕೊಕ್ಕಿಯಿಂದ ತಗೀರಿ. ಒಣಗಿದ ಮ್ಯಾಲ ಅದು ಗೊರಸಿನ ತೊಗಟಿ ಸಮೇತ ಬರ್ತದ.